ಔಷಧಿಗೆ ದುಡ್ಡು ಕೊಡುವ ಮುನ್ನ



ಬೂಸಾ ತರುವಾಗ ಚೀಲದ ಬಾಯಿ ಬಿಚ್ಚಿ ಮೂಸಿ ನೋಡುತ್ತೀರಿ. ಸಂತೆಯಲ್ಲಿ ಹಸು ಕೊಳ್ಳುವಾಗ ಹಲ್ಲು ನೋಡಿ, ನಾಲ್ಕೂ ಮೊಲೆತೊಟ್ಟು ಹಿಂಡಿ ಪರೀಕ್ಷಿಸದೆ ಮುಂಗಡ ಕೊಡುವುದಿಲ್ಲ. ಆದರೆ ಅದೇ ಹಸು ಮೇವು ಬಿಟ್ಟ ದಿನ, ಅಂಗಡಿಯಲ್ಲಿ ಕೊಟ್ಟ ಬಾಟಲಿಯನ್ನು ತಿರುಗಿಸಿಯೂ ನೋಡದೆ ತಂದುಬಿಡುತ್ತೀರಿ. ಗಾಬರಿಯಲ್ಲಿ ಹಾಗಾಗುವುದು ಸಹಜ. ಅದಕ್ಕೇ ಹಸು ಚೆನ್ನಾಗಿರುವಾಗಲೇ ಈ ಕೆಲವು ವಿಷಯ ತಿಳಿದುಕೊಳ್ಳೋಣ.

ಸೂಜಿ ಹಾಕುವವರು ಯಾರು?

ಕಾಯಿಲೆ ಗುರುತಿಸಿ ಔಷಧಿ ಬರೆಯುವ ಅಧಿಕಾರ ಇರುವುದು ನೋಂದಾಯಿತ ಪಶುವೈದ್ಯರಿಗೆ. ಬೈಕಿನಲ್ಲಿ ಬ್ಯಾಗು ನೇತುಹಾಕಿಕೊಂಡು ಬಂದು, ಹಸುವಿನ ಜ್ವರವನ್ನೂ ನೋಡದೆ ಎರಡು ಇಂಜೆಕ್ಷನ್ ಕೊಟ್ಟು ಹೋಗುವವರು ಕಡಿಮೆ ದುಡ್ಡಿಗೆ ಸಿಗಬಹುದು. ಏನು ಕೊಟ್ಟರೆಂದು ಚೀಟಿ ಬರೆಯದಿದ್ದರೆ, ಮರುದಿನ ಬರುವ ವೈದ್ಯರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಯಾರೇ ಚಿಕಿತ್ಸೆ ಕೊಡಲಿ, ಮೂರು ಪ್ರಶ್ನೆ ಕೇಳಿ: ಕಾಯಿಲೆ ಏನು? ಔಷಧಿಯ ಹೆಸರೇನು, ಎಷ್ಟು ದಿನ ಕೊಡಬೇಕು? ಹಾಲನ್ನು ಎಷ್ಟು ದಿನ ಡೈರಿಗೆ ಹಾಕಬಾರದು? ಕೇಳಲು ಸಂಕೋಚ ಬೇಡ. ಹಸು ನಿಮ್ಮದು, ದುಡ್ಡೂ ನಿಮ್ಮದು.

ನಿಮ್ಮ ಸಂಘದ ಕಾರ್ಯದರ್ಶಿಯ ಮೂಲಕ ಒಕ್ಕೂಟದ ಪಶುವೈದ್ಯರನ್ನು ಸಂಪರ್ಕಿಸಬಹುದು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಸಿಗುತ್ತದೆ. ಕಾಲುಬಾಯಿ ಜ್ವರದ ಲಸಿಕೆಯನ್ನೂ, 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಕಂದುರೋಗದ ಲಸಿಕೆಯನ್ನೂ ಸರ್ಕಾರವೇ ಉಚಿತವಾಗಿ ಹಾಕಿಸುತ್ತದೆ.

ಲೇಬಲ್ ಓದುವುದು

ಅಕ್ಷರ ಸಣ್ಣದು, ಇಂಗ್ಲಿಷಿನಲ್ಲಿ ಬೇರೆ ಇರುತ್ತದೆ. ಶಾಲೆಗೆ ಹೋಗುವ ಮಗ, ಮಗಳ ಕೈಲಿ ಓದಿಸಿ. ನೋಡಬೇಕಾದದ್ದು ಇಷ್ಟು:

1. ಪ್ರಾಣಿಗಳ ಔಷಧಿಯ ಮೇಲೆ ಸಾಕುಪ್ರಾಣಿಯ ತಲೆಯ ಚಿತ್ರವೂ, ಪ್ರಾಣಿಗಳ ಚಿಕಿತ್ಸೆಗೆ ಮಾತ್ರ ಎಂಬ ಬರಹವೂ ಇರಬೇಕು.
2. ತಯಾರಿಸಿದ ದಿನಾಂಕ, ಅವಧಿ ಮುಗಿಯುವ ದಿನಾಂಕ, ಬ್ಯಾಚ್ ನಂಬರು, ಬೆಲೆ. ಇವುಗಳ ಮೇಲೆ ಚೀಟಿ ಅಂಟಿಸಿದ್ದರೆ ಅಥವಾ ಉಜ್ಜಿ ಅಳಿಸಿದ್ದರೆ ಕೊಳ್ಳಬೇಡಿ.
3. ಲೇಬಲ್ಲಿನ ಮೇಲೆ ಕೆಂಪು ಗೆರೆ ಇದ್ದರೆ, ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ, ಕೊಳ್ಳಬಾರದ ಔಷಧಿ.
4. ತಂಪಿನಲ್ಲಿಡಬೇಕು ಎಂದು ಬರೆದಿದ್ದರೆ ಅಂಗಡಿಯವರು ಅದನ್ನು ಫ್ರಿಜ್ಜಿನಿಂದಲೇ ತೆಗೆದು ಕೊಡಬೇಕು. ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬಿಸಿಲಲ್ಲಿ ಬಂದ ಲಸಿಕೆ ಕೆಲಸ ಮಾಡುವುದಿಲ್ಲ.

ಬಿಲ್ಲು ಕೇಳಿ ಪಡೆಯಿರಿ. ಬಿಲ್ಲಿದ್ದರೆ ಮಾತ್ರ ಔಷಧಿ ಕೆಟ್ಟದ್ದಾದಾಗ ದೂರು ಕೊಡಲು ಆಧಾರ ಇರುತ್ತದೆ.

ಕೆಚ್ಚಲು ಬಾವು: ಅರ್ಧಕ್ಕೆ ನಿಲ್ಲಿಸಿದ ಔಷಧಿ

ನಮ್ಮ ಹೈನುಗಾರರ ದುಡ್ಡು ಅತಿ ಹೆಚ್ಚು ಸೋರುವ ಕಾಯಿಲೆಗಳಲ್ಲಿ ಇದೊಂದು. ವೈದ್ಯರು ಮೂರು ದಿನ ಎಂದು ಹೇಳಿರುತ್ತಾರೆ. ಎರಡನೇ ದಿನ ಹಾಲಿನ ಗೆಡ್ಡೆ ಕಡಿಮೆಯಾಗುತ್ತದೆ, ಊತ ಇಳಿಯುತ್ತದೆ. ಒಂದು ಟ್ಯೂಬು ಉಳಿಯಿತಲ್ಲ, ಮುಂದಕ್ಕಾಗುತ್ತದೆ ಎಂದು ಗೂಡಿನಲ್ಲಿಡುತ್ತೇವೆ. ಆದರೆ ಎರಡು ದಿನದಲ್ಲಿ ಸಾಯುವುದು ದುರ್ಬಲ ರೋಗಾಣುಗಳು. ಗಟ್ಟಿಯಾದವು ಉಳಿದುಕೊಂಡು ಮತ್ತೆ ಬೆಳೆಯುತ್ತವೆ. ಹದಿನೈದು ದಿನ ಬಿಟ್ಟು ಬಾವು ಮರಳಿದಾಗ ಅದೇ ಔಷಧಿ ನಾಟದೆ ಹೋಗಬಹುದು. ಆಗ ಇನ್ನೂ ದುಬಾರಿ ಔಷಧಿ ಬೇಕು. ಅದೂ ಸಾಗದಿದ್ದರೆ ಆ ತೊಟ್ಟೇ ಬತ್ತಿಹೋಗುತ್ತದೆ. ಹಾಗೆಯೇ, ಪಕ್ಕದ ಮನೆಯವರ ಹಸುವಿಗೆ ಬರೆದ ಆ್ಯಂಟಿಬಯೋಟಿಕ್ ನಿಮ್ಮ ಹಸುವಿಗೆ ಬೇಡ. ಎರಡೂ ಬಾವು ಒಂದೇ ರೀತಿ ಕಂಡರೂ ರೋಗಾಣು ಬೇರೆ ಇರಬಹುದು.

ಬಾವು ಬಾರದಂತೆ ನೋಡಿಕೊಳ್ಳುವ ಖರ್ಚು ತೀರಾ ಕಡಿಮೆ. ಹಿಂಡುವ ಮೊದಲು ಕೈ, ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಪ್ರತಿ ತೊಟ್ಟಿನ ಮೊದಲ ಎರಡು ಧಾರೆಯನ್ನು ಕಪ್ಪು ತಟ್ಟೆಗೆ ಹಿಂಡಿ ಗೆಡ್ಡೆ ಇದೆಯೇ ನೋಡಿ. ಹಿಂಡಿದ ಮೇಲೆ ವೈದ್ಯರು ಹೇಳಿದ ಅಯೋಡಿನ್ ದ್ರಾವಣದಲ್ಲಿ ತೊಟ್ಟು ಅದ್ದಿ. ಕೂಡಲೇ ಮೇವು ಹಾಕಿ. ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವ ತನಕ, ಅಂದರೆ ಸುಮಾರು ಅರ್ಧ ಗಂಟೆ, ಹಸು ಸಗಣಿ ನೆಲದಲ್ಲಿ ಮಲಗದಿರಲಿ.

ಹಾಲು ತಡೆಹಿಡಿಯುವ ದಿನಗಳು

ಆ್ಯಂಟಿಬಯೋಟಿಕ್ ಹಾಲಿನಲ್ಲಿ ಇಳಿಯುತ್ತದೆ. ಔಷಧಿ ನಿಲ್ಲಿಸಿದ ಮೇಲೂ ಕೆಲವು ದಿನ ಇರುತ್ತದೆ. ಆ ದಿನಗಳೆಷ್ಟು ಎಂಬುದು ಲೇಬಲ್ಲಿನಲ್ಲಿರುತ್ತದೆ. ನಿರ್ದಿಷ್ಟ ಅವಧಿ ಗೊತ್ತುಮಾಡಿರದ ಔಷಧಿಗೆ ನಿಯಮದ ಪ್ರಕಾರ ಕನಿಷ್ಠ 7 ದಿನ. ಲೆಕ್ಕ ಶುರುವಾಗುವುದು ಮೊದಲ ಡೋಸಿನಿಂದ ಅಲ್ಲ, ಕೊನೆಯ ಡೋಸಿನಿಂದ.

ಬಹಳ ಜನ ಬಾವಾದ ತೊಟ್ಟಿನ ಹಾಲನ್ನಷ್ಟೇ ಚೆಲ್ಲಿ ಉಳಿದ ಮೂರರದ್ದನ್ನು ಡೈರಿಗೆ ತರುತ್ತಾರೆ. ಇಂಜೆಕ್ಷನ್ ರಕ್ತದ ಮೂಲಕ ನಾಲ್ಕೂ ತೊಟ್ಟಿಗೆ ಹೋಗುತ್ತದೆ. ಒಂದೇ ತೊಟ್ಟಿಗೆ ಟ್ಯೂಬು ಹಾಕಿದ್ದರೂ ನಾಲ್ಕರ ಹಾಲನ್ನೂ ತಡೆಯಬೇಕು. ಕಾಯಿಸಿದರೆ ಹೋಗುತ್ತದೆ ಎಂದು ನಂಬಬೇಡಿ; ಎಷ್ಟೋ ಔಷಧಿಗಳು ಕುದಿಸಿದರೂ ಉಳಿಯುತ್ತವೆ. ಅಂಥ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಆಗದಿರುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಹೆಪ್ಪಿನ ಒಳ್ಳೆಯ ಜೀವಾಣುಗಳನ್ನೂ ಔಷಧಿ ಕೊಲ್ಲುತ್ತದೆ. ನಿಮ್ಮ ಒಂದು ಕ್ಯಾನಿನ ಹಾಲು ಶೀತಲೀಕರಣ ಘಟಕದಲ್ಲಿ ಊರಿನ ಎಲ್ಲರ ಹಾಲಿನೊಡನೆ ಸೇರುತ್ತದೆ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ತಿರಸ್ಕಾರವಾಗುವುದು ಇಡೀ ಟ್ಯಾಂಕು. ಸಿಗದಿದ್ದರೆ ಅದು ಸೇರುವುದು ಯಾವುದೋ ಮನೆಯ ಮಗುವಿನ ಲೋಟಕ್ಕೆ.

ನಷ್ಟ ಸಣ್ಣದೆಂದು ನಾನು ಹೇಳುವುದಿಲ್ಲ. ದಿನಕ್ಕೆ 10 ಲೀಟರ್ ಕೊಡುವ ಹಸುವಿಗೆ 3 ದಿನ ಚಿಕಿತ್ಸೆ, ಆಮೇಲೆ 4 ದಿನ ತಡೆ ಎಂದರೆ 70 ಲೀಟರ್ ಹಾಲು. ಸ್ವಸಹಾಯ ಸಂಘದ ಕಂತು ಇದೇ ದುಡ್ಡಿನಲ್ಲಿ ಕಟ್ಟಬೇಕಾಗಿರುತ್ತದೆ. ಅದಕ್ಕೇ ಔಷಧಿ ಬರೆಯುವಾಗಲೇ ವೈದ್ಯರಿಗೆ ಹೇಳಿ: ಕಡಿಮೆ ದಿನ ಹಾಲು ತಡೆಯುವ ಔಷಧಿ ಇದೆಯೇ? ಎಷ್ಟೋ ಸಲ ಇರುತ್ತದೆ. ಕೇಳದಿದ್ದರೆ ಯಾರೂ ಹೇಳುವುದಿಲ್ಲ. ತಡೆದ ಹಾಲನ್ನು ಕರುವಿಗೂ ಕುಡಿಸಬೇಡಿ, ಗುಂಡಿಗೆ ಸುರಿಯಿರಿ.

ಟಾನಿಕ್ಕು ಮತ್ತು ಪುಡಿ

ಹಾಲು ಹೆಚ್ಚುತ್ತದೆ ಎಂಬ ಬಣ್ಣದ ಬಾಟಲಿಗಳಲ್ಲಿ ಬಹಳಷ್ಟು ಔಷಧಿಯೇ ಅಲ್ಲ, ಪೂರಕ ಆಹಾರ. ಹಸಿರು ಮೇವು, ಒಣ ಮೇವು, ಪಶು ಆಹಾರ, ನೀರು ಸರಿಯಿಲ್ಲದ ಹಸುವಿನಿಂದ ಯಾವ ಟಾನಿಕ್ಕೂ ಹಾಲು ತೆಗೆಯಲಾರದು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಚೆನ್ನಾಗಿ ಮೇವು, ಕಾಲಕಾಲಕ್ಕೆ ಜಂತುನಾಶಕ: ಮೊದಲ ದುಡ್ಡು ಇವಕ್ಕೆ.

ಕರು ಹಾಕಿದ ಮೂರು ದಿನದೊಳಗೆ ಹಸು ನೆಲ ಹಿಡಿದು, ಕಿವಿ ತಣ್ಣಗಾಗಿ, ಕತ್ತು ಪಕ್ಕಕ್ಕೆ ಮಡಚಿದರೆ ಅದು ಹಾಲು ಜ್ವರವಿರಬಹುದು. ಆಗ ಬಾಯಿಗೆ ಕ್ಯಾಲ್ಸಿಯಂ ಹೊಯ್ಯಬೇಡಿ. ಶ್ವಾಸಕೋಶಕ್ಕೆ ಇಳಿದರೆ ಹಸು ಸಾಯುತ್ತದೆ. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಹಾಕಲು ವೈದ್ಯರನ್ನು ಕೂಡಲೇ ಕರೆಸಿ.

ಮುಟ್ಟಬಾರದ ಎರಡು

ಹಾಲು ಇಳಿಸಲೆಂದು ಗುಟ್ಟಾಗಿ ಮಾರುವ ಆಕ್ಸಿಟೋಸಿನ್ ಹಾಲನ್ನು ಹೆಚ್ಚು ಮಾಡುವುದಿಲ್ಲ, ಕೆಚ್ಚಲಲ್ಲಿ ಇರುವುದನ್ನೇ ಇಳಿಸುತ್ತದೆ. ರೂಢಿಯಾದರೆ ಸೂಜಿ ಇಲ್ಲದೆ ಹಸು ಸೊರೆ ಬಿಡುವುದಿಲ್ಲ. ಗಬ್ಬದ ಹಸುವಿಗೆ ಇನ್ನೂ ಅಪಾಯ.

ಮನುಷ್ಯರ ನೋವಿನ ಇಂಜೆಕ್ಷನ್ ಡೈಕ್ಲೋಫೆನಾಕ್ ಅನ್ನು ದನಗಳಿಗೆ ಹಾಕುವುದಕ್ಕೆ ನಿಷೇಧವಿದೆ. ಅದನ್ನು ಹಾಕಿದ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸಾಯುತ್ತವೆ. ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳಿಗೆ ವನ್ಯಧಾಮವನ್ನೇ ಮಾಡಬೇಕಾಯಿತು. ಜ್ವರ, ನೋವಿಗೆ ಮೆಲಾಕ್ಸಿಕಾಮ್ ಇದೆ. ವೈದ್ಯರ ಸಲಹೆಯಂತೆ ಬಳಸಿ.

ಇಂದೇ ಮಾಡಿ

ಕೊಟ್ಟಿಗೆಯ ಗೋಡೆಗೆ ಒಂದು ಹಳೆಯ ಕ್ಯಾಲೆಂಡರ್ ನೇತುಹಾಕಿ. ಯಾವ ಹಸು, ಯಾವ ಔಷಧಿ, ಕೊನೆಯ ಡೋಸು ಯಾವತ್ತು, ಯಾವತ್ತಿನಿಂದ ಹಾಲು ಡೈರಿಗೆ, ಈ ನಾಲ್ಕನ್ನೂ ಬರೆಯಿರಿ. ನೀವು ತವರಿಗೆ ಹೋದ ದಿನ ಹಾಲು ಕರೆಯುವವರಿಗೂ ಅದು ಕಾಣಲಿ. ಗೂಡಿನಲ್ಲಿ ಅರ್ಧ ಉಳಿದಿರುವ ಟ್ಯೂಬು, ಬಾಟಲಿಗಳನ್ನು ಇವತ್ತೇ ಹೊರತೆಗೆದು ದಿನಾಂಕ ನೋಡಿ. ಮುಂದಿನ ಸಲ ನಿಮ್ಮೂರಿಗೆ ಬಂದಾಗ ಅವುಗಳನ್ನು ನನಗೆ ತೋರಿಸಿ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂದು ಕೂತು ನೋಡೋಣ.