ಡಿವಿಆರ್ ಡಿಸ್ಕ್ ಬದಲಿಸುವವರಿಗೆ

ನವಲಗುಂದದಿಂದ ಕಲಘಟಗಿಯವರೆಗೆ ಈಗ ಸಿಸಿ ಕ್ಯಾಮೆರಾ ಇಲ್ಲದ ಪೇಟೆಯೇ ಇಲ್ಲ. ಮೊದಲು ಹಾಕಿಸಿದವರು ಬಂಗಾರದಂಗಡಿ, ಗೊಬ್ಬರದಂಗಡಿಯವರು. ಆಮೇಲೆ ಕಡಲೆ, ಹೆಸರಿನ ಚೀಲ ಒಟ್ಟಿದ ಗೋದಾಮುಗಳಿಗೆ ಬಂತು, ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿಗೆ ಬಂತು. ಈಗ ಮಕ್ಕಳು ಬೆಂಗಳೂರು, ಪುಣೆ ಸೇರಿ, ಊರಲ್ಲಿ ವಯಸ್ಸಾದ ಇಬ್ಬರೇ ಉಳಿದ ಮನೆಗಳಿಗೂ ಬಂದಿದೆ. ಕ್ಯಾಮೆರಾಗಳು ವರ್ಷಗಟ್ಟಲೆ ತಕರಾರಿಲ್ಲದೆ ನಡೆಯುತ್ತವೆ. ಕೈಕೊಡುವುದು ಅವುಗಳ ಚಿತ್ರವನ್ನು ರೆಕಾರ್ಡ್ ಮಾಡುವ ಡಿವಿಆರ್ ಡಬ್ಬಿಯೊಳಗಿನ ಹಾರ್ಡ್ ಡಿಸ್ಕು. ಹಗಲು ರಾತ್ರಿ ನಿಲ್ಲದೆ ತಿರುಗುವ, ಬರೆಯುವ, ಅಳಿಸಿ ಮತ್ತೆ ಬರೆಯುವ ಭಾಗ ಅದು. ಬದಲಿಸುವ ಕೆಲಸಕ್ಕೆ ಅರ್ಧ ಗಂಟೆ ಸಾಕು: ನಾಲ್ಕು ತಿರುಪು, ಎರಡು ವೈರು. ಹತ್ತನೇ ಇಯತ್ತೆಯ ಹುಡುಗನೂ ಮಾಡುತ್ತಾನೆ. ಆ ಅರ್ಧ ಗಂಟೆಯ ಮುಂಚೆ ಮತ್ತು ಆಮೇಲೆ ಏನು ನೋಡಬೇಕು ಎಂಬುದನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

1. ಟಿವಿಯಲ್ಲಿ ಚಿತ್ರ ಕಾಣುತ್ತಿದೆ ಎಂದರೆ ರೆಕಾರ್ಡ್ ಆಗುತ್ತಿದೆ ಎಂದು ತಿಳಿಯಬೇಡಿ.

ರಿಪೇರಿಗೆಂದು ನನಗೆ ಫೋನು ಬರುವುದು ಹೆಚ್ಚುಕಡಿಮೆ ಇದೇ ಮಾತಿನಲ್ಲಿ: “ಕ್ಯಾಮೆರಾ ಎಲ್ಲಾ ಚಲೋ ಅದಾವ್ರಿ, ಮೊಬೈಲ್‌ನ್ಯಾಗ ಈಗೂ ಕಾಣಾಕತ್ತಾವು. ಆದ್ರ ಮೊನ್ನೆ ರಾತ್ರಿದು ಅಷ್ಟ ಬರವಲ್ದು.” ಮೊನ್ನೆ ರಾತ್ರಿ ಬೋರಿನ ಕೇಬಲ್ಲೋ, ಚೀಲವೋ, ಬೈಕೋ ಕಳುವಾಗಿರುತ್ತದೆ. ಹೋಗಿ ನೋಡಿದರೆ ಕೊನೆಯ ರೆಕಾರ್ಡಿಂಗ್ ಎಷ್ಟೋ ತಿಂಗಳ ಹಿಂದಿನದು. ಕ್ಯಾಮೆರಾದಿಂದ ಡಿವಿಆರ್‌ಗೆ, ಅಲ್ಲಿಂದ ಟಿವಿಗೆ ಅಥವಾ ಮೊಬೈಲಿಗೆ ಹೋಗುವ ಚಿತ್ರ ಡಿಸ್ಕನ್ನು ಮುಟ್ಟುವುದೇ ಇಲ್ಲ. ಡಿಸ್ಕ್ ಪೂರ್ತಿ ಸತ್ತರೂ ಲೈವ್ ಹಾಗೇ ನಡೆಯುತ್ತಿರುತ್ತದೆ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ಅತಿ ದೊಡ್ಡ ದೋಷ ಇದು. ಡಿಸ್ಕ್ ಕೆಡುವುದು ಸಹಜ, ಕೆಟ್ಟದ್ದು ಗೊತ್ತಾಗದೇ ಇರುವುದು ಅಪಾಯ.

ಹಾಗಾಗಿ ಗಿರಾಕಿಗಳಿಗೆ ಒಂದು ರೂಢಿ ಹೇಳಿಕೊಡುತ್ತೇನೆ. ಅಮಾವಾಸ್ಯೆಗೆ ಹೇಗೂ ಗಲ್ಲಾಪೆಟ್ಟಿಗೆಗೆ, ತಕ್ಕಡಿಗೆ, ಗಾಡಿಗೆ ಪೂಜೆ ಮಾಡುತ್ತೀರಿ. ಅವತ್ತೇ ಪ್ಲೇಬ್ಯಾಕ್ ತೆಗೆದು ಹಿಂದಿನ ರಾತ್ರಿ ಎರಡು ಗಂಟೆಯ ಚಿತ್ರ ನೋಡಿ. ಬಂದರೆ ಡಿಸ್ಕ್ ಜೀವಂತ. ಇಷ್ಟು ಮಾಡುವವರ ಮನೆಯಿಂದ ನನಗೆ ಕಳ್ಳತನದ ಮರುದಿನ ಫೋನು ಬರುವುದಿಲ್ಲ.

2. ಬೀಪ್ ಬಂದ್ ಮಾಡಿದವರು ಯಾರು ಎಂದು ಮೊದಲು ಕೇಳಿ.

ಡಿಸ್ಕ್ ಸಿಗದಿದ್ದರೆ ಡಿವಿಆರ್ ಕೂಗಿಕೊಳ್ಳುತ್ತದೆ, ಬಹಳಷ್ಟು ಮಾಡೆಲ್‌ಗಳಲ್ಲಿ ಆ ಸೌಲಭ್ಯವಿದೆ. ಅಂಗಡಿಯ ಹುಡುಗ ಕಿರಿಕಿರಿ ಎಂದು ಸೆಟ್ಟಿಂಗ್‌ನಲ್ಲಿ ಅದನ್ನು ಬಂದ್ ಮಾಡಿರುತ್ತಾನೆ. ಹೊಸ ಡಿಸ್ಕ್ ಹಾಕಿದ ಮೇಲೆ ಆ ಬಜರ್ ಮತ್ತೆ ಚಾಲೂ ಮಾಡಿ ಬನ್ನಿ. ಇಂಟರ್‌ನೆಟ್ ಇದ್ದರೆ ಡಿಸ್ಕ್ ಎರರ್ ಸಂದೇಶ ಮಾಲೀಕರ ಮೊಬೈಲಿಗೆ ಹೋಗುವಂತೆಯೂ ಮಾಡಬಹುದು.

3. ಡಿಸ್ಕಿಗಿಂತ ಮೊದಲು ಅಡಾಪ್ಟರನ್ನು ಅನುಮಾನಿಸಿ.

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಜನರ ದುಡ್ಡು ದಂಡವಾಗುವುದು ಇಲ್ಲೇ. ಸಣ್ಣ ಡಿವಿಆರ್‌ಗಳು 12 ವೋಲ್ಟಿನ ಹೊರಗಿನ ಅಡಾಪ್ಟರಿನಿಂದ ನಡೆಯುತ್ತವೆ, ಹೆಚ್ಚಾಗಿ 2 ಆಂಪಿಯರಿನದು. ಡಿಸ್ಕ್ ತಿರುಗುತ್ತಿರುವಾಗ ಬೇಕಾಗುವ ಕರೆಂಟು ಕಡಿಮೆ. ನಿಂತ ತಟ್ಟೆ ತಿರುಗಲು ಶುರುವಾಗುವ ಕೆಲವು ಸೆಕೆಂಡು ಮಾತ್ರ ಒಮ್ಮೆಲೇ ಜಾಸ್ತಿ ಎಳೆಯುತ್ತದೆ, ಒಂದೂವರೆ ಆಂಪಿಯರ್ ದಾಟಿದರೂ ಆಶ್ಚರ್ಯವಿಲ್ಲ. ತುಂಬಿದ ಚಕ್ಕಡಿಗೆ ಎತ್ತು ಮೊದಲ ಹೆಜ್ಜೆಯಲ್ಲಿ ಹಾಕುವ ಜೋರು ಅದು.

ಬೇಸಿಗೆಯ ಸೆಕೆ, ಏರಿಳಿಯುವ ವೋಲ್ಟೇಜು ಸೇರಿ ಎರಡು ಮೂರು ವರ್ಷದಲ್ಲಿ ಅಡಾಪ್ಟರಿನೊಳಗಿನ ಕೆಪಾಸಿಟರ್ ಒಣಗುತ್ತದೆ ಇಲ್ಲವೇ ಉಬ್ಬುತ್ತದೆ. ಅಂಥ ಅಡಾಪ್ಟರಿಗೆ ಬರೀ ಮಲ್ಟಿಮೀಟರ್ ಹಿಡಿದರೆ ಸರಿಯಾಗಿ 12 ವೋಲ್ಟ್ ತೋರಿಸುತ್ತದೆ. ಡಿವಿಆರ್‌ಗೆ ಚುಚ್ಚಿ, ಡಿಸ್ಕ್ ಏಳುವ ಹೊತ್ತಿಗೆ ಅಳೆದರೆ ಜರ್ರನೆ ಇಳಿಯುತ್ತದೆ. ಡಿಸ್ಕ್ ಎದ್ದು, ಅರ್ಧಕ್ಕೆ ನಿಂತು, ಮತ್ತೆ ಏಳುತ್ತದೆ. ಟಕ್, ಟಕ್ ಎಂದು ಕೇಳಿದ ಕೂಡಲೇ ನಮ್ಮ ಹುಡುಗರು “ಡಿಸ್ಕ್ ಹೋತ್ರಿ” ಎನ್ನುತ್ತಾರೆ. ಹೊಸ ಡಿಸ್ಕ್ ಹಾಕಿದರೆ ಹೊಸತಾಗಿರುವುದರಿಂದ ಹೇಗೋ ನಾಲ್ಕು ದಿನ ಎಳೆಯುತ್ತದೆ, ಆಮೇಲೆ ಅದೂ ಟಕ್ ಟಕ್. ಗಿರಾಕಿ ಡುಪ್ಲಿಕೇಟ್ ಕೊಟ್ಟ ಎಂದು ಬೈಯುತ್ತಾನೆ.

ನನ್ನ ಚೀಲದಲ್ಲಿ ಯಾವಾಗಲೂ ಒಂದು ಗಟ್ಟಿ ಅಡಾಪ್ಟರ್ ಇರುತ್ತದೆ. ಮೊದಲು ಅದನ್ನು ಚುಚ್ಚುತ್ತೇನೆ. ಆಮೇಲೆ ಒಳಗಿನ ಸಾಟಾ ಕೇಬಲ್ ಬದಲಿಸಿ ನೋಡುತ್ತೇನೆ, ಅದು ಇಡೀ ಡಬ್ಬಿಯಲ್ಲೇ ಅಗ್ಗದ ಸಾಮಾನು. ಎರಡೂ ಮಾಡಿದರೂ ಏಳದಿದ್ದರೆ ಮಾತ್ರ ಡಿಸ್ಕಿನ ಮಾತು. ಅಂದ ಹಾಗೆ, ಡಿವಿಆರ್‌ನ ಅಡಾಪ್ಟರಿನಿಂದಲೇ ವೈಫೈ ಡಬ್ಬಿಗೂ ಒಂದು ವೈರು ಎಳೆದು ಕೊಡುವ ಜಾಣತನ ಬಹಳ ಕಡೆ ಕಾಣುತ್ತೇನೆ. ದಯವಿಟ್ಟು ಬೇಡ.

4. ಕಂಪ್ಯೂಟರಿನ ಡಿಸ್ಕ್ ಬೇರೆ, ಕ್ಯಾಮೆರಾದ ಡಿಸ್ಕ್ ಬೇರೆ.

ಗಾತ್ರ ಒಂದೇ, ವೈರು ಒಂದೇ, ಹಾಕಿದರೆ ನಡೆಯುತ್ತದೆ ಕೂಡ. ಆದರೆ ಮೇಜಿನ ಕಂಪ್ಯೂಟರಿನ ಡಿಸ್ಕ್ ದಿನಕ್ಕೆ ಕೆಲವು ಗಂಟೆ ದುಡಿಯಲು ಮಾಡಿದ್ದು. ಒಂದು ಜಾಗ ಓದಲು ಆಗದಿದ್ದರೆ ಅದು ಅಲ್ಲೇ ನಿಂತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅಷ್ಟರಲ್ಲಿ ನಾಲ್ಕು ಕ್ಯಾಮೆರಾದ ಚಿತ್ರ ಬಂದು ಹೋಗಿರುತ್ತದೆ. ವೆಸ್ಟರ್ನ್ ಡಿಜಿಟಲ್‌ನ ಪರ್ಪಲ್, ಸೀಗೇಟ್‌ನ ಸ್ಕೈಹಾಕ್ ಥರದವು ಇಡೀ ದಿನ ಬರೆಯುವ ಕೆಲಸಕ್ಕೆಂದೇ ಬಂದವು. ಓದಲಾಗದ ಜಾಗ ಬಂದರೆ ಅವು ತಡೆಯದೆ ಮುಂದೆ ಹೋಗುತ್ತವೆ.

ಹುಬ್ಬಳ್ಳಿಯಿಂದ ಡಿಸ್ಕ್ ತರಿಸಿದರೆ ಪಾಕೀಟು ಹೊಸದಿದೆಯೆಂದು ನಂಬಬೇಡಿ. ಡಿವಿಆರ್‌ನ ಮೆನುವಿನಲ್ಲಿ ಸ್ಮಾರ್ಟ್ ಎಂಬ ಪುಟವಿರುತ್ತದೆ, ಅಲ್ಲಿ ಡಿಸ್ಕ್ ಇದುವರೆಗೆ ಎಷ್ಟು ಗಂಟೆ ಓಡಿದೆ ಎಂದು ಕಾಣುತ್ತದೆ. ಒಂದು ವರ್ಷ ಸತತ ಓಡಿದರೆ 8,760 ಗಂಟೆ. ಹೊಸದಕ್ಕೆ ಸೊನ್ನೆಯ ಆಸುಪಾಸು ಇರಬೇಕು. ಇಪ್ಪತ್ತು ಸಾವಿರ ಕಂಡರೆ ಅದು ಯಾರದೋ ಮನೆಯಲ್ಲಿ ದುಡಿದು ಬಂದದ್ದು. ಈ ಸಂಖ್ಯೆಯನ್ನೂ ಅಳಿಸುವ ಚಾಲಾಕಿಗಳಿದ್ದಾರೆ. 2025ರ ಆರಂಭದಲ್ಲಿ ಜರ್ಮನಿಯಲ್ಲೇ ಬಳಸಿದ ಸೀಗೇಟ್ ಡಿಸ್ಕುಗಳನ್ನು ಹೊಸದೆಂದು ಮಾರಿದ್ದು ಸುದ್ದಿಯಾಯಿತು. ಸ್ಮಾರ್ಟ್ ಪುಟದಲ್ಲಿ ಗಂಟೆಗಳನ್ನು ಸೊನ್ನೆ ಮಾಡಿದ್ದರು, ಡಿಸ್ಕಿನ ಇನ್ನೊಂದು ಒಳ ದಾಖಲೆಯಲ್ಲಿ ಹಳೆಯ ಲೆಕ್ಕ ಹಾಗೇ ಉಳಿದು ಸಿಕ್ಕಿಬಿತ್ತು. ಆದ್ದರಿಂದ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ವಾರಂಟಿ ತಾರೀಕು ನೋಡುವುದು ಒಳ್ಳೆಯದು. ಬಿಲ್ ಇಲ್ಲದೆ ಅಗ್ಗಕ್ಕೆ ಕೊಡುತ್ತೇನೆ ಎನ್ನುವವರಿಂದ ನಾನು ಕೊಳ್ಳುವುದಿಲ್ಲ.

5. ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುವ ಇನಿಶಿಯಲೈಸ್ ಒತ್ತುವ ಮುಂಚೆ ಬಾಯಿಬಿಟ್ಟು ಕೇಳಿ.

“ಇದರಾಗ ಬೇಕಾದ್ದು ಏನರ ಐತೇನ್ರಿ ಅಕ್ಕಾ?” ಅಷ್ಟೇ ಪ್ರಶ್ನೆ. ತೀರಿಕೊಂಡ ಯಜಮಾನರು ಕಟ್ಟೆಯ ಮೇಲೆ ಕೂತ ಕೊನೆಯ ಚಿತ್ರ ಆ ಡಿಸ್ಕಿನಲ್ಲೇ ಇರಬಹುದು, ಬದುವಿನ ಜಗಳದ ಪುರಾವೆಯೂ ಇರಬಹುದು. ಹಳೆಯ ಡಿಸ್ಕನ್ನು ಲ್ಯಾಪ್‌ಟಾಪಿಗೆ ಹಚ್ಚಿದರೆ ವಿಂಡೋಸ್ ಅದನ್ನು ಖಾಲಿ ಎಂದುಕೊಂಡು ಫಾರ್ಮ್ಯಾಟ್ ಮಾಡಲೇ ಎಂದು ಕೇಳುತ್ತದೆ. ಒಪ್ಪಬೇಡಿ. ಡಿವಿಆರ್ ಕಂಪನಿಗಳು ತಮ್ಮದೇ ರೀತಿಯಲ್ಲಿ ಬರೆದಿರುತ್ತವೆ. ಅದೇ ಡಬ್ಬಿಯಲ್ಲೋ, ಅದೇ ಕಂಪನಿಯ ಅಂಥದೇ ಇನ್ನೊಂದು ಡಬ್ಬಿಯಲ್ಲೋ ಹಾಕಿ, ಅದು ನಡೆಯುವಷ್ಟು ಹೊತ್ತಿನಲ್ಲಿ ಬೇಕಾದ ತುಣುಕನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಬೇಕು.

ಪೊಲೀಸ್ ಕೇಸು ನಡೆದಿದ್ದರೆ ಡಬ್ಬಿ ಮುಟ್ಟುವ ಮುಂಚೆ ಠಾಣೆಗೆ ತಿಳಿಸಲು ಮಾಲೀಕರಿಗೆ ಹೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿಡಿಯೊ ನ್ಯಾಯಾಲಯಕ್ಕೆ ಹೋಗಬೇಕಾದರೆ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲು ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಡಿಸ್ಕ್ ತೆಗೆದವರು ಯಾರು, ಯಾವಾಗ ಎಂಬ ಪ್ರಶ್ನೆ ನಮ್ಮ ಕೊರಳಿಗೂ ಬರುತ್ತದೆ.

6. ಗಡಿಯಾರ.

ಒಳಗಿನ ಗುಂಡಿಸೆಲ್ಲು ಸತ್ತಿದ್ದರೆ ಕರೆಂಟು ಹೋಗಿ ಬಂದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತದೆ. ಕೆಲವು ಡಬ್ಬಿಗಳು ರೀಸೆಟ್ ಆದ ಮೇಲೆ ಚೀನಾದ ಸಮಯ ಹಿಡಿಯುತ್ತವೆ, ನಮಗಿಂತ ಎರಡೂವರೆ ಗಂಟೆ ಮುಂದೆ. ನಡುರಾತ್ರಿಯ ಕಳ್ಳತನ ಬೆಳಗಿನ ಜಾವದ್ದಾಗಿ ಕಾಣುತ್ತದೆ. ಸೆಲ್ ಬದಲಿಸಿ, ಟೈಮ್ ಜೋನ್ ಐದೂವರೆ ಇದೆಯೇ ನೋಡಿ.

7. ಎಷ್ಟು ಟಿಬಿ ಎಂಬುದನ್ನು ಲೆಕ್ಕ ಹಾಕಿ ಹೇಳಿ.

ಸೆಕೆಂಡಿಗೆ 2 ಮೆಗಾಬಿಟ್ ಬರೆಯುವ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಜಿಬಿ ತಿನ್ನುತ್ತದೆ. ನಾಲ್ಕಕ್ಕೆ 86. ಅಂದರೆ 1 ಟಿಬಿ ಡಿಸ್ಕಿನಲ್ಲಿ ಹನ್ನೊಂದು ದಿನದ ಮೇಲೆ ಏನೂ ಉಳಿಯದು. ಚಿತ್ರವನ್ನು ಇನ್ನಷ್ಟು ಒತ್ತಿ ಚಿಕ್ಕದು ಮಾಡುವ ಎಚ್.265 ಇರುವ ಡಿವಿಆರ್ ಆದರೆ ಇದರ ಅರ್ಧದಷ್ಟು ಸಾಕು, ಮೂರು ವಾರ ಸಿಗುತ್ತದೆ. ಕಲ್ಯಾಣ ಮಂಟಪ, ಆಸ್ಪತ್ರೆ, ದೊಡ್ಡ ಅಂಗಡಿಗಳಂಥ ಜನ ಸೇರುವ ಜಾಗಗಳಿಗೆ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆ 30 ದಿನದ ದಾಖಲೆ ಕೇಳುತ್ತದೆ. ಅವರಿಗೆ 1 ಟಿಬಿ ಹಾಕಿ ಬರುವುದು ಸರಿಯಲ್ಲ. ಹಳೆಯ ಡಬ್ಬಿಗಳು ದೊಡ್ಡ ಡಿಸ್ಕನ್ನು ಗುರುತಿಸದೇ ಇರುವುದೂ ಉಂಟು, ಕೊಳ್ಳುವ ಮುಂಚೆ ಮಾಡೆಲ್ ನಂಬರ್ ನೋಡಿ.

ಅಲುಗಾಡಿದಾಗ ಮಾತ್ರ ರೆಕಾರ್ಡ್ ಆಗಲಿ ಎಂದು ಇಡುವವರಿದ್ದಾರೆ. ಪಟ್ಟಣದ ಕೋಣೆಯೊಳಗೆ ಅದು ಸರಿ. ನಮ್ಮ ಕಡೆ ಬೇವಿನ ಟೊಂಗೆ, ನಾಯಿ, ರಾತ್ರಿ ಕ್ಯಾಮೆರಾದ ಬೆಳಕಿಗೆ ಮುತ್ತುವ ಹುಳ, ಆ ಹುಳ ಹಿಡಿಯಲು ಬಲೆ ನೇಯುವ ಜೇಡ, ಎಲ್ಲವೂ ಅಲುಗಾಡುತ್ತವೆ. ಉಳಿತಾಯ ಅಷ್ಟಕ್ಕಷ್ಟೇ.

8. ಡಬ್ಬಿ ಇಟ್ಟ ಜಾಗ ನೋಡದೆ ಡಿಸ್ಕ್ ಹಾಕಬೇಡಿ.

ಕುಂದಗೋಳದ ಕಡೆ ಬ್ಯಾಡಗಿ ಮೆಣಸಿನಕಾಯಿಯ ಘಾಟು ದೂಳು, ಅಣ್ಣಿಗೇರಿ ಕಡೆ ಹತ್ತಿಯ ನವಿರು, ನವಲಗುಂದದ ಎರೆಭೂಮಿಯಲ್ಲಿ ಬೇಸಿಗೆಗೆ ಏಳುವ ಕರಿ ದೂಳು. ಕಲಘಟಗಿ ಮಲೆನಾಡಿನ ಸೆರಗು, ಅಲ್ಲಿ ಮಳೆಗಾಲದ ತೇವ. ದೂಳು ಡಿಸ್ಕಿನೊಳಗೆ ಹೋಗುತ್ತದೆ ಎಂದು ಜನ ತಿಳಿದಿದ್ದಾರೆ. ಹೋಗುವುದಿಲ್ಲ, ಅದರ ಗಾಳಿಕಿಂಡಿಗೆ ಸೋಸುಕ ಇರುತ್ತದೆ. ದೂಳು ಡಬ್ಬಿಯ ಕಿಂಡಿಗಳನ್ನು ಮುಚ್ಚಿ ಶಾಖ ಹೊರಹೋಗದಂತೆ ಮಾಡುತ್ತದೆ, ಡಿಸ್ಕನ್ನು ಕೊಲ್ಲುವುದು ಆ ಶಾಖ. ಕಳ್ಳರು ಒಯ್ಯಬಾರದೆಂದು ಬೀಗ ಹಾಕಿದ ತಿಜೋರಿಯಂಥ ಕಪಾಟಿನಲ್ಲಿ ಇಟ್ಟರೂ ಅದೇ ಗತಿ. ಕಪಾಟಿಗೆ ಮೇಲೆ ಕೆಳಗೆ ತೂತು ಕೊರೆಸಿ, ಜಾಳಿಗೆ ಹಚ್ಚಿಸಿ. ಪತ್ರಾಸಿನ ಕೆಳಗೆ, ದೇವರ ದೀಪದ ಪಕ್ಕ ಬೇಡ.

9. ಮಳೆಗಿಂತ ಮುಂಚೆ ಸಿಡಿಲು.

ಭರಣಿ, ಕೃತ್ತಿಕಾ ಮಳೆಯ ಹೊತ್ತಿಗೆ ನನ್ನ ಕೆಲಸ ಹೆಚ್ಚು. ಶೆಡ್ಡಿನ ಕಂಬದ ಮೇಲಿನ ಕ್ಯಾಮೆರಾದಿಂದ ಉದ್ದದ ಕೇಬಲ್ ಮನೆಯೊಳಗಿನ ಡಬ್ಬಿಗೆ ಬಂದಿರುತ್ತದೆ, ಹತ್ತಿರದಲ್ಲಿ ಸಿಡಿಲು ಬಡಿದರೆ ಆ ಹೊಡೆತ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಅರ್ಥಿಂಗ್ ಇದೆಯಲ್ಲ ಎನ್ನುತ್ತಾರೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ರಾಡಿನಿಂದ ಬಿಟ್ಟುಕೊಂಡಿರುತ್ತದೆ. ಉಪ್ಪು ಇದ್ದಿಲು ಹಾಕಿದ ಗುಂಡಿಗೆ ಏಪ್ರಿಲ್‌ನಲ್ಲಿ ಒಂದೆರಡು ಕೊಡ ನೀರು ಸುರಿಯಿರಿ. ಇನ್ನು ಕರೆಂಟು ಹೋಗಿ ಬರುವುದು: ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹೊಸದು ಕೂರಿಸಿದ ದಿನ, ಗಾಳಿಗೆ ತಂತಿ ತಾಗಿದ ದಿನ ಡಬ್ಬಿಗೆ ಬೀಳುವ ಪೆಟ್ಟು ದೊಡ್ಡದು. ಡಿವಿಆರ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ ಎಂದು ಎಲ್ಲರಿಗೂ ಹೇಳುತ್ತೇನೆ. ಎರಡನೇ ಡಿಸ್ಕ್ ಕೊಂಡ ಮೇಲೆ ಹಾಕಿಸುತ್ತಾರೆ.

10. ನೀರು ಹೊಕ್ಕ ಡಿಸ್ಕಿಗೆ ಕರೆಂಟು ಕೊಡಬೇಡಿ.

2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ನವಲಗುಂದದ ಹಳ್ಳಿಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಡಬ್ಬಿ ಒಣಗಿಸಿ ಸ್ವಿಚ್ ಹಾಕಿ ನೋಡುವ ಆಸೆ ಎಲ್ಲರಿಗೂ. ಹಳ್ಳದ ನೀರಿನಲ್ಲಿ ಕೆಸರಿದೆ, ಗಾಳಿಕಿಂಡಿಯಿಂದ ಅದು ಒಳಗೆ ಸೇರಿದ್ದರೆ ತಟ್ಟೆ ತಿರುಗಿದ ಮೊದಲ ಸುತ್ತಿಗೇ ಗೀರು ಬೀಳುತ್ತದೆ. ಬೇಕಾದ ದಾಖಲೆ ಇದ್ದರೆ ಬಿಸಿಲಿಗೂ ಇಡದೆ, ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಕಟ್ಟಿ ಡೇಟಾ ತೆಗೆಯುವವರಲ್ಲಿಗೆ ಕಳಿಸಿ. ಅವರ ಖರ್ಚು ಹೊಸ ಡಿವಿಆರ್‌ಗಿಂತ ಎಷ್ಟೋ ಪಟ್ಟು ಹೆಚ್ಚು, ಅದನ್ನೂ ಮೊದಲೇ ಹೇಳಿ. 

11. ಹಳೆಯ ಡಿಸ್ಕ್ ಮಾಲೀಕರದ್ದು.

ಎಕ್ಸ್‌ಚೇಂಜ್ ಎಂದು ಇಸಿದುಕೊಂಡು ಹೋಗುವ ಪದ್ಧತಿ ಇದೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ ಯಾರು ಎಷ್ಟೊತ್ತಿಗೆ ಬಂದರು, ಹೆಣ್ಣುಮಕ್ಕಳು ಎಲ್ಲಿ ಕೂತರು, ಗಲ್ಲಾ ಯಾವಾಗ ತೆಗೆದರು, ಎಲ್ಲ ಅದರಲ್ಲಿದೆ. ಕೆಟ್ಟಿದೆ ಎಂದ ಡಿಸ್ಕ್ ಗಟ್ಟಿ ಅಡಾಪ್ಟರಿಗೆ ಎದ್ದುಬಿಡಬಹುದು. ವಾರಂಟಿಗೆ ಕಳಿಸಿದರೆ ಅದೇ ಡಿಸ್ಕ್ ಮರಳಿ ಬರುವುದಿಲ್ಲ, ಬೇರೆಯದು ಬರುತ್ತದೆ. ಅದಕ್ಕೆ, ಏಳುವಂತಿದ್ದರೆ ಅಳಿಸಿ ಕಳಿಸಬೇಕು. ಏಳದಿದ್ದರೆ ವಾರಂಟಿ ಬೇಕೋ ಗುಟ್ಟು ಬೇಕೋ ಎಂದು ಮಾಲೀಕರೇ ತೀರ್ಮಾನಿಸಲಿ. ವಾರಂಟಿ ಮುಗಿದದ್ದಾದರೆ ಅವರ ಕಣ್ಣೆದುರೇ ಡ್ರಿಲ್ ಹಾಕಿ ತಟ್ಟೆಗೆ ತೂತು ಕೊರೆದು ಕೈಗೆ ಕೊಡುತ್ತೇನೆ. ಹೊಸ ಡಿಸ್ಕಿನ ಮೇಲೆ ಹಾಕಿದ ತಾರೀಕು, ಗಾತ್ರ, ಆಗ ಸ್ಮಾರ್ಟ್ ಪುಟದಲ್ಲಿದ್ದ ಗಂಟೆ ಬರೆದ ಚೀಟಿ ಅಂಟಿಸುತ್ತೇನೆ. ಡಿವಿಆರ್‌ನ ಪಾಸ್‌ವರ್ಡ್ ಮಾತ್ರ ಆ ಚೀಟಿಯಲ್ಲಿ ಬೇಡ. ಅದನ್ನು ಮಾಲೀಕರು ತಮ್ಮ ಖಾತೆ ಕಿರ್ದಿಯ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ.