ಉಪವಾಸ ಅಂದ್ಮೇಲೆ ಹೋಳಿಗೆ ಹೇಗೆ?



2023ರ ನಮ್ಮ ಯುಗಾದಿ ಕಾರ್ಯಕ್ರಮ ಕೆಲವರಿಗಾದರೂ ನೆನಪಿರಬಹುದು. ಶನಿವಾರಕ್ಕೆ ಹಾಲ್ ಸಿಗದೆ ಶುಕ್ರವಾರ ಸಂಜೆ ಇಟ್ಟುಕೊಂಡಿದ್ದೆವು. ಊಟಕ್ಕೆ ಎರಡು ಸಾಲು. ಒಂದರಲ್ಲಿ ಹೋಳಿಗೆ, ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ. ಹೊಸತೊಡಕನ್ನೂ ಅದರ ಜೊತೆಗೇ ಮುಗಿಸೋಣ ಅಂತ ಇನ್ನೊಂದರಲ್ಲಿ ಚಿಕನ್ ಬಿರಿಯಾನಿ! ಪ್ರತಿ ಸಲ ಬಿರಿಯಾನಿ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವ ನಾನು ಅವತ್ತು ಹೋಳಿಗೆ ಸಾಲಿನಲ್ಲಿದ್ದೆ.

ಬಡಿಸುತ್ತಿದ್ದ ಆಂಟಿಯೊಬ್ಬರು "ಏನಪ್ಪಾ, ದಾರಿ ತಪ್ಪಿ ಬಂದ್ಯಾ?" ಅಂದರು.

"ಇಲ್ಲ ಆಂಟಿ, ನಮಗಿದು ಉಪವಾಸದ ಕಾಲ."

"ಉಪವಾಸ ಅಂದ್ಮೇಲೆ ಹೋಳಿಗೆ ಹೇಗೆ?"

ಹಿಂದೆ ನಿಂತವರು ನಕ್ಕರು, ನಾನೂ ನಕ್ಕೆ. ಪಕ್ಕದಲ್ಲಿದ್ದ ನನ್ನ ಒಂಬತ್ತು ವರ್ಷದ ಮಗಳು ಮಾತ್ರ ನಗಲಿಲ್ಲ. ಕಾರಿನಲ್ಲಿ ಕೂತ ಮೇಲೆ "ಅಪ್ಪ, ಆಂಟಿ ಕೇಳಿದ್ದಕ್ಕೆ ನೀನು ಉತ್ತರ ಹೇಳಲೇ ಇಲ್ಲ" ಅಂದಳು.

ನಿಜ ಹೇಳಬೇಕೆಂದರೆ ಉತ್ತರ ನನಗೇ ಗೊತ್ತಿರಲಿಲ್ಲ. ಮೈಸೂರು ಕಡೆಯ ಕಥೋಲಿಕ ಮನೆಯಲ್ಲಿ ಬೆಳೆದು, ಇಂಜಿನಿಯರಿಂಗ್ ಮುಗಿಸಿ, ಈಗ ಸಿನ್ಸಿನಾಟಿಯಲ್ಲಿ ಕೋಡ್ ಬರೆಯುವ ನನಗೆ ಅಮ್ಮ ಮಾಡುತ್ತಿದ್ದುದನ್ನು ಮಾಡುವುದು ಗೊತ್ತಿತ್ತೇ ಹೊರತು ಏಕೆ ಎಂದು ಗೊತ್ತಿರಲಿಲ್ಲ. ಆಮೇಲೆ ಒಂದಿಷ್ಟು ಓದಿದೆ, ಊರಿಗೆ ಫೋನ್ ಮಾಡಿ ಅಮ್ಮನ ತಲೆ ತಿಂದೆ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಲವತ್ತು ದಿನಗಳ ಲೆಕ್ಕ

ಇಂಗ್ಲಿಷಿನಲ್ಲಿ ಲೆಂಟ್ ಎನ್ನುವುದನ್ನು ನಾವು ತಪಸ್ಸುಕಾಲ ಎನ್ನುತ್ತೇವೆ. ಯೇಸುಸ್ವಾಮಿ ಮರುಭೂಮಿಯಲ್ಲಿ ನಲವತ್ತು ದಿನ ಉಪವಾಸವಿದ್ದುದರ ನೆನಪು ಇದು. ಹಿಂದಿನ ವರ್ಷದ ಗರಿಗಳ ಭಾನುವಾರದಲ್ಲಿ ಹಂಚಿದ ಗರಿಗಳನ್ನು ಸುಟ್ಟ ಬೂದಿಯನ್ನು ವಿಭೂತಿ ಬುಧವಾರ ಹಣೆಗೆ ಹಚ್ಚಿಸಿಕೊಳ್ಳುವುದರೊಂದಿಗೆ ಶುರು. ಅಲ್ಲಿಂದ ಈಸ್ಟರಿಗೆ, ಅಂದರೆ ನಮ್ಮ ಪಾಸ್ಕ ಹಬ್ಬಕ್ಕೆ, 46 ದಿನ. ಭಾನುವಾರ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಆರು ಭಾನುವಾರ ಕಳೆದರೆ ನಲವತ್ತು. ಲೆಕ್ಕ ಸರಿಹೋಯಿತಲ್ಲವೇ?

ಹಬ್ಬದ ತಾರೀಕು ಮಾತ್ರ ವರ್ಷವರ್ಷವೂ ಓಡಾಡುತ್ತದೆ. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರ ಪಾಸ್ಕ. ಈ ಹುಣ್ಣಿಮೆಗೆ ಚರ್ಚಿನದೇ ಲೆಕ್ಕ ಇದೆ, ಆದರೂ ನಮ್ಮ ಪಂಚಾಂಗದ ಹುಣ್ಣಿಮೆಗೆ ಅದು ಹತ್ತಿರವೇ. ನಮ್ಮ ಚಾಂದ್ರಮಾನ ಯುಗಾದಿ ಚೈತ್ರ ಶುದ್ಧ ಪಾಡ್ಯದಂದು. ಹೀಗಾಗಿ ಬಹಳಷ್ಟು ವರ್ಷ ಮೊದಲು ಯುಗಾದಿ, ಆಮೇಲೆ ಚೈತ್ರದ ಹುಣ್ಣಿಮೆ, ಅದರ ಹಿಂದೆಯೇ ಪಾಸ್ಕ. 2022ರಲ್ಲಿ ಯುಗಾದಿ ಏಪ್ರಿಲ್ 2, ಪಾಸ್ಕ ಏಪ್ರಿಲ್ 17. 2023ರಲ್ಲಿ ಮಾರ್ಚ್ 22 ಮತ್ತು ಏಪ್ರಿಲ್ 9. ಅಧಿಕ ಮಾಸದ ಆಟದಿಂದ ಕೆಲವೊಮ್ಮೆ ತಿರುವುಮುರುವಾಗುವುದೂ ಉಂಟು. 2024ರಲ್ಲಿ ಪಾಸ್ಕ ಮಾರ್ಚ್ 31ಕ್ಕೇ ಬಂತು, ಯುಗಾದಿ ಏಪ್ರಿಲ್ 9ಕ್ಕೆ. ಅಂತೂ ಯುಗಾದಿಯ ಊಟ ಹೆಚ್ಚಿನ ವರ್ಷ ನಮ್ಮ ತಪಸ್ಸುಕಾಲದ ನಡುವೆಯೇ ಬೀಳುವುದು ಆಕಸ್ಮಿಕವಲ್ಲ, ಎರಡಕ್ಕೂ ಚಂದ್ರನೇ ಯಜಮಾನ!

ಎರಡು ಬೇರೆ ಬೇರೆ ವ್ರತ

ಆಂಟಿಯ ಮುಂದೆ ನಾನು ಸಿಕ್ಕಿಹಾಕಿಕೊಂಡದ್ದು ಎರಡು ಸಂಗತಿಗಳನ್ನು ಕಲಸಿದ್ದರಿಂದ. ಒಂದು ಉಪವಾಸ, ಇನ್ನೊಂದು ಮಾಂಸವರ್ಜನೆ. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಕಡ್ಡಾಯ ಉಪವಾಸ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೆ), ಈ ಎರಡೇ ದಿನ. 18 ತುಂಬಿದವರಿಂದ 59 ತುಂಬುವವರೆಗೆ ಇದು ಅನ್ವಯ. ಒಂದು ಹೊತ್ತು ಪೂರ್ತಿ ಊಟ, ಇನ್ನೆರಡು ಹೊತ್ತು ಅಲ್ಪಾಹಾರ. ಆ ಎರಡೂ ಸೇರಿದರೂ ಒಂದು ಪೂರ್ತಿ ಊಟ ಆಗಬಾರದು. ಹೆಚ್ಚುಕಮ್ಮಿ ನಮ್ಮ ಹಿರಿಯರ ಒಪ್ಪೊತ್ತು ಇದ್ದ ಹಾಗೆ. ಮಾಂಸವರ್ಜನೆ ಆ ಎರಡು ದಿನವಲ್ಲದೆ ತಪಸ್ಸುಕಾಲದ ಎಲ್ಲ ಶುಕ್ರವಾರವೂ, 14 ತುಂಬಿದ ಎಲ್ಲರಿಗೂ. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ವಿನಾಯಿತಿ ಇದೆ. ವರ್ಷದ ಉಳಿದ ಶುಕ್ರವಾರಗಳಲ್ಲಿ ಮಾಂಸ ಬಿಡುವ ಬದಲು ಬೇರೊಂದು ಪ್ರಾಯಶ್ಚಿತ್ತ ಮಾಡಬಹುದೆಂದು ಅಮೆರಿಕದ ಧರ್ಮಾಧ್ಯಕ್ಷರು 1966ರಲ್ಲಿ ತೀರ್ಮಾನಿಸಿದರು.

ಅಂದಮೇಲೆ ಅವತ್ತಿನದು ಬರೀ ಮಾಂಸವರ್ಜನೆಯ ಶುಕ್ರವಾರ. ಹೋಳಿಗೆಗೆ ಅಡ್ಡಿಯಿಲ್ಲ. ಪ್ರಶ್ನೆ ಬಗೆಹರಿಯಿತು ಅಂತ ನಾನು ಮಗಳ ಮುಂದೆ ಬೀಗಿದೆ. ಅವಳು ಅಷ್ಟಕ್ಕೆ ಬಿಡಬೇಕಲ್ಲ!

ಮೀನು ಮಾಂಸ ಅಲ್ವಾ ಅಪ್ಪ?

ಸಿನ್ಸಿನಾಟಿಯಲ್ಲಿ ತಪಸ್ಸುಕಾಲದ ಶುಕ್ರವಾರ ಎಂದರೆ ಚರ್ಚ್ ಹಾಲ್‌ಗಳಲ್ಲಿ ಫಿಶ್ ಫ್ರೈ ಘಮಘಮ. ಮೆಕ್‌ಡೊನಾಲ್ಡ್ಸ್‌ನ ಫಿಲೆ-ಒ-ಫಿಶ್ ಹುಟ್ಟಿದ್ದೂ ನಮ್ಮೂರಿನಲ್ಲೇ. ಇಲ್ಲಿನ ಮಾನ್‌ಫೋರ್ಟ್ ಹೈಟ್ಸ್‌ನಲ್ಲಿ ಅಂಗಡಿ ನಡೆಸುತ್ತಿದ್ದ ಲೂ ಗ್ರೋಯೆನ್ ಅವರಿಗೆ ಶುಕ್ರವಾರ ಬಂತೆಂದರೆ ವ್ಯಾಪಾರವೇ ಇರುತ್ತಿರಲಿಲ್ಲ. ಸುತ್ತಮುತ್ತ ಕಥೋಲಿಕರೇ ಹೆಚ್ಚು. ಅದಕ್ಕೇ ಅವರು 1962ರಲ್ಲಿ ಮೀನಿನ ಸ್ಯಾಂಡ್‌ವಿಚ್ ಕಂಡುಹಿಡಿದರು. ಕಂಪನಿಯ ಮಾಲೀಕ ರೇ ಕ್ರಾಕ್ ಅನಾನಸ್ ಮತ್ತು ಚೀಸಿನ ಬರ್ಗರನ್ನು ಪೈಪೋಟಿಗೆ ಇಳಿಸಿದರಂತೆ, ಗೆದ್ದದ್ದು ಮೀನೇ.

ಮೀನು ಏಕೆ ಮಾಂಸವಲ್ಲ? ಚರ್ಚಿನ ಲ್ಯಾಟಿನ್ ಕಾನೂನಿನಲ್ಲಿ ಮಾಂಸ ಎನ್ನುವುದಕ್ಕೆ ಬಳಸಿದ ಪದ ನೆಲದ ಮೇಲಿನ ಬಿಸಿ ರಕ್ತದ ಪ್ರಾಣಿ ಪಕ್ಷಿಗಳಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ಸಂಪ್ರದಾಯ. ಕುರಿ, ಕೋಳಿ ಇಲ್ಲ. ಮೀನು, ಸಿಗಡಿ, ಏಡಿ ಆಗಬಹುದು. ವೆನೆಜುವೆಲಾದಲ್ಲಿ ನೀರಿನಲ್ಲೇ ಹೆಚ್ಚು ಹೊತ್ತು ಕಳೆಯುವ ಕ್ಯಾಪಿಬಾರಾ ಎಂಬ ದೊಡ್ಡ ದಂಶಕವನ್ನೂ ಈ ಕಾಲದಲ್ಲಿ ತಿನ್ನುತ್ತಾರೆ. ಮೊಸಳೆ ಜಾತಿಯ ಆಲಿಗೇಟರ್ ಮೀನಿನ ಲೆಕ್ಕಕ್ಕೇ ಸೇರುತ್ತದೆಂದು ನ್ಯೂ ಆರ್ಲಿಯನ್ಸ್‌ನ ಮಹಾಧರ್ಮಾಧ್ಯಕ್ಷರು 2010ರಲ್ಲಿ ಪತ್ರ ಬರೆದು ತಿಳಿಸಿದ್ದರು!

"ಹಾಗಾದ್ರೆ ಲಾಬ್‌ಸ್ಟರ್ ತಿಂದ್ರೂ ವ್ರತ ಆಯ್ತಾ?" ಇದು ಮಗಳ ಮುಂದಿನ ಪ್ರಶ್ನೆ. ನಿಯಮದ ಪ್ರಕಾರ ಆಯಿತು. ಆದರೆ ಹಾಗೆ ಹೇಳಲು ನಾಲಿಗೆ ಏಳಲಿಲ್ಲ.

ಮೊಟ್ಟೆಗೆ ಬಣ್ಣ ಬಂದದ್ದು ಹೇಗೆ?

ಮಧ್ಯಯುಗದ ಯೂರೋಪಿನಲ್ಲಿ ವ್ರತ ಇಷ್ಟು ಸುಲಭವಿರಲಿಲ್ಲ. ಮಾಂಸದ ಜೊತೆಗೆ ಮೊಟ್ಟೆ, ಹಾಲು, ಬೆಣ್ಣೆಯನ್ನೂ ಬಿಡಬೇಕಿತ್ತು. ಮನೆಯಲ್ಲಿದ್ದುದನ್ನು ಖಾಲಿ ಮಾಡಲು ವಿಭೂತಿ ಬುಧವಾರದ ಹಿಂದಿನ ದಿನ ಪ್ಯಾನ್‌ಕೇಕ್ ಹುಯ್ಯುತ್ತಿದ್ದರು. ಆ ಮಂಗಳವಾರದ ಫ್ರೆಂಚ್ ಹೆಸರೇ ಮಾರ್ಡಿ ಗ್ರಾ, ಅಂದರೆ ಕೊಬ್ಬಿನ ಮಂಗಳವಾರ. ಕಾರ್ನಿವಾಲ್ ಎಂಬ ಪದದ ಮೂಲವೂ ಮಾಂಸ ತೆಗೆದಿಡುವುದು ಎಂಬ ಅರ್ಥದ್ದೇ. ಜನ ಮೊಟ್ಟೆ ಬಿಟ್ಟರೂ ಕೋಳಿ ಬಿಡುತ್ತದೆಯೇ? ಹಬ್ಬದ ಹೊತ್ತಿಗೆ ಮೊಟ್ಟೆ ರಾಶಿ ಬೀಳುತ್ತಿತ್ತು. ಈಸ್ಟರ್ ಮೊಟ್ಟೆಯ ಸಂಭ್ರಮಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಬೇಕರಿಗಳಲ್ಲಿ ನೀವು ನೋಡಿರುವ ಮಾರ್ಜಿಪಾನ್ ಮೊಟ್ಟೆಗಳು ಈ ವಂಶದವೇ.

ಅಮ್ಮನ ಅಕ್ಕಿ ಡಬ್ಬಿ

ಫೋನಿನಲ್ಲಿ ಅಮ್ಮನಿಗೆ ಲಾಬ್‌ಸ್ಟರ್ ಪ್ರಶ್ನೆ ಹೇಳಿದೆ. ಅಮ್ಮ ಕಾನೂನು ಹೇಳಲಿಲ್ಲ. "ಅಕ್ಕಿ ಡಬ್ಬಿ ಮರೆತ್ಯಾ?" ಅಂದರು.

ಮರೆತೇ ಬಿಟ್ಟಿದ್ದೆ! ನಮ್ಮ ಮನೆಯಲ್ಲಿ ತಪಸ್ಸುಕಾಲದಲ್ಲಿ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅಮ್ಮ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಅಷ್ಟು ನಮ್ಮ ಅನ್ನದಲ್ಲಿ ಕಡಿಮೆ. ಶುಭ ಶುಕ್ರವಾರ ಬೆಳಗಿನಿಂದ ಏನೂ ಇಲ್ಲ. ಮಧ್ಯಾಹ್ನ ಮೂರರ ಆರಾಧನೆ ಮುಗಿಸಿ ಬಂದ ಮೇಲೆ ಗಂಜಿ, ಉಪ್ಪಿನಕಾಯಿ. ಶನಿವಾರ ಡಬ್ಬಿಯ ಅಕ್ಕಿ ಬೀದಿಯ ಕೊನೆಯ ಮನೆಯ ಅಜ್ಜಿಗೆ ಹೋಗುತ್ತಿತ್ತು. ಅವರು ಯಾವ ಜಾತಿ, ಯಾವ ದೇವರು ಅಂತ ಅಮ್ಮ ಕೇಳಿದ್ದು ನನಗೆ ನೆನಪಿಲ್ಲ. ಆ ರಾತ್ರಿಯ ಜಾಗರಣೆ ಪೂಜೆ ಮುಗಿಸಿ, ಮರುದಿನ ನಮ್ಮ ಮನೆಯಲ್ಲಿ ನಾಟಿ ಕೋಳಿ ಸಾರು, ಮುದ್ದೆ.

ಪ್ರಾರ್ಥನೆ, ಉಪವಾಸ, ದಾನ ಮೂರೂ ಕೂಡಿಯೇ ತಪಸ್ಸು ಎನ್ನುತ್ತದೆ ನಮ್ಮ ಧರ್ಮಸಭೆ. ಹಸಿದವರೊಂದಿಗೆ ಹಂಚಿ ತಿನ್ನುವುದೇ ದೇವರು ಮೆಚ್ಚುವ ಉಪವಾಸ ಎಂಬುದು ಯೆಶಾಯ ಪ್ರವಾದಿಯ ಗ್ರಂಥದ 58ನೇ ಅಧ್ಯಾಯದ ಸಾರ. ನಾನು ತಟ್ಟೆಗೆ ಏನು ಬರಬಹುದು ಅಂತ ಹುಡುಕುತ್ತಿದ್ದೆ. ಅಮ್ಮ ನೋಡುತ್ತಿದ್ದುದು ತಟ್ಟೆಯಿಂದ ಎಷ್ಟು ಹೋಯಿತು, ಯಾರಿಗೆ ಹೋಯಿತು ಅಂತ. ಲಾಬ್‌ಸ್ಟರ್ ತಿಂದರೆ ನಿಯಮ ಉಳಿಯುತ್ತದೆ, ಡಬ್ಬಿ ಖಾಲಿ ಉಳಿಯುತ್ತದೆ. ಮಗಳಿಗೆ ಕೊಡಬೇಕಾಗಿದ್ದ ಉತ್ತರ ಇದು.

ಅಮೆರಿಕದಲ್ಲೂ ಇಂಥದೇ ಡಬ್ಬಿ ಇದೆ ಎಂದರೆ ನಂಬುತ್ತೀರಾ? 1975ರಲ್ಲಿ ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ ಶುರುವಾದ ರೈಸ್ ಬೌಲ್ ಎಂಬ ಯೋಜನೆ ಅದು. ಈಗ ಕ್ಯಾಥೊಲಿಕ್ ರಿಲೀಫ್ ಸರ್ವೀಸಸ್ ಸಂಸ್ಥೆ ನಡೆಸುತ್ತಿದೆ. ಚರ್ಚಿನಲ್ಲಿ ರಟ್ಟಿನ ಪುಟ್ಟ ಪೆಟ್ಟಿಗೆ ಕೊಡುತ್ತಾರೆ. ಸರಳ ಊಟ ಮಾಡಿ ಉಳಿಸಿದ ಹಣ ಅದಕ್ಕೆ. ಮುಕ್ಕಾಲು ಪಾಲು ಬೇರೆ ದೇಶಗಳ ಹಸಿದವರಿಗೆ, ಕಾಲು ಪಾಲು ಸ್ಥಳೀಯರಿಗೆ. ಎಷ್ಟೋ ವರ್ಷ ಆ ಪೆಟ್ಟಿಗೆ ನಮ್ಮ ಮನೆಗೆ ಬಂದಿತ್ತು, ಚಿಲ್ಲರೆ ಹಾಕಿ ಸುಮ್ಮನಾಗುತ್ತಿದ್ದೆ. ಅದು ಅಮ್ಮನ ಅಕ್ಕಿ ಡಬ್ಬಿ ಎಂದು ಹೊಳೆದೇ ಇರಲಿಲ್ಲ.

ಮಗಳಿಗೆ ಇನ್ನೂ 14 ತುಂಬಿಲ್ಲ, ಯಾವ ನಿಯಮವೂ ಕಡ್ಡಾಯವಲ್ಲ. ಆದರೂ ಈಗ ತಪಸ್ಸುಕಾಲದಲ್ಲಿ ತನ್ನ ಶನಿವಾರದ ಡೋನಟ್ ಬಿಟ್ಟು ಆ ದುಡ್ಡನ್ನು ಪೆಟ್ಟಿಗೆಗೆ ಹಾಕುತ್ತಾಳೆ. ಶುಕ್ರವಾರ ನಮ್ಮ ಮನೆಯಲ್ಲಿ ಅನ್ನ, ಬಸ್ಸಾರು.

2025ರ ಯುಗಾದಿ ಮಾರ್ಚ್ 30ರಂದು ಭಾನುವಾರವೇ ಬಂತು. ಅದೇ ಆಂಟಿ ಹೋಳಿಗೆ ಹಿಡಿದು "ಇವತ್ತು ಉಪವಾಸ ಇಲ್ವೇನಮ್ಮಾ?" ಅಂತ ಮಗಳನ್ನು ಕೇಳಿದರು. "ಭಾನುವಾರ ಲೆಕ್ಕಕ್ಕಿಲ್ಲ ಆಂಟಿ" ಅಂತ ಶುರು ಮಾಡಿದವಳು, ಅಜ್ಜಿಯ ಡಬ್ಬಿಯವರೆಗೂ ತನಗೆ ಬಂದ ಕನ್ನಡದಲ್ಲಿ ಹೇಳಿ ಮುಗಿಸಿದಳು. ಆಂಟಿ ನಗುತ್ತಾ "ನಾನು ಏಕಾದಶಿ ದಿನ ಅವಲಕ್ಕಿ, ಉಪ್ಪಿಟ್ಟು ಅಂತ ದಿನಕ್ಕಿಂತ ಜಾಸ್ತಿನೇ ತಿಂತೀನಿ ಕಣಮ್ಮ. ನಾನೂ ಒಂದು ಡಬ್ಬಿ ಇಡಬೇಕು" ಅಂದರು.

ಎಲ್ಲರಿಗೂ ಯುಗಾದಿಯ ಮತ್ತು ಪಾಸ್ಕ ಹಬ್ಬದ ಶುಭಾಶಯಗಳು. ಮುಂದಿನ ಸಲ ಶುಕ್ರವಾರ ನಾನು ಹೋಳಿಗೆ ಸಾಲಿನಲ್ಲಿ ಕಂಡರೆ, ದಾರಿ ತಪ್ಪಿ ಬಂದಿಲ್ಲ ಎಂದು ತಿಳಿಯಿರಿ!