ಇಂದಿನ ಚಿಂತನೆ: ನೋವಾಗದಿದ್ದರೆ ತಪ್ಪಲ್ಲವೇ?



ಕೆರೆಬಿಳಚಿ ಕಡೆಯ ಉಪಾಸಕರೊಬ್ಬರು ನನ್ನನ್ನು ಕೇಳಿದರು: "ಎರಡು ಲೋಟ ಇಡುವವರು, ಚಹಾ ಅದೇ, ದುಡ್ಡೂ ಅದೇ, ನಿಮಗೇನು ನಷ್ಟ ಅಂತಾರಲ್ಲ?"

ನನಗೆ ಮಹಾಡ್ ನೆನಪಾಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣೀಯರು 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. (ಸಗಣಿಯಿಂದ ನೀರು ಶುದ್ಧವಂತೆ!) ಆ ಕೊಡಗಳಿಂದ ಯಾರ ಮೈಗೂ ಗಾಯವಾಗಲಿಲ್ಲ. ಸುದ್ದಿ ನಮ್ಮವರ ಕಿವಿಗೆ ಬೀಳದೇ ಹೋಗಿದ್ದರೂ ಅದು ತಪ್ಪೇ.

ಬುದ್ಧರು ಅಂಗುತ್ತರ ನಿಕಾಯದಲ್ಲಿ ಚೇತನವನ್ನೇ, ಅಂದರೆ ಉದ್ದೇಶವನ್ನೇ, ಕರ್ಮ ಎಂದರು. ಎದುರಿಗಿರುವವನು ತನಗಿಂತ ಕೀಳು ಎಂಬ ಉದ್ದೇಶವೇ ಲೋಟವನ್ನು ಬೇರೆ ಇಡುತ್ತದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೂ ಗಾಯದ ಗುರುತು ಕೇಳುವುದಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಹೋಟೆಲಿನ ಲೋಟ ಬಳಸಲು ಬಿಡದಿದ್ದರೆ ಸಾಕು, ಅಪರಾಧ.